ಗಜದಮ್ಮ ಎದ್ದು ನಿಂತದ್ದು

ಗಜದಮ್ಮ ಒಬ್ಬಳೇ ಬೀಳಲಿಲ್ಲ. ಅಂಗಡಿಯ ಮೂಲೆಯಲ್ಲಿ ಮೂವತ್ತು ವರ್ಷದಿಂದ ತಲೆಯಿಲ್ಲದೆ ನಿಂತಿದ್ದ, ಬಟ್ಟೆ ತೊಡಿಸುವ ಆಳೆತ್ತರದ ಬೊಂಬೆಯನ್ನೂ ತಬ್ಬಿಕೊಂಡೇ ಬಿದ್ದಳು. ಆ ಸದ್ದಿಗೆ, ಮೇಲಿನ ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಸೊಸೆ ಕೈಯಲ್ಲಿದ್ದುದನ್ನು ಬಿಸುಟು ಮೆಟ್ಟಿಲಿಳಿದು ಓಡಿ ಬಂದಳು. ನೋಡಿದರೆ ಅತ್ತೆ ಕೆಳಗೆ, ಬೊಂಬೆ ಮೇಲೆ.

"ಅತ್ತೇ!"

"ಕಿರುಚಬೇಡ. ಮೊದಲು ಇವಳನ್ನ ಎತ್ತು," ಎಂದಳು ಗಜದಮ್ಮ, ಬೊಂಬೆಯ ಕೆಳಗಿನಿಂದ.

ಎಪ್ಪತ್ತಮೂರು ವರ್ಷದ ಈ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕೈಯಲ್ಲಿ ಸದಾ ಅಳತೆಯ ಗಜಕೋಲು ಇರುತ್ತಿದ್ದುದರಿಂದ ಬೀದಿಯವರು ಗಜದಮ್ಮ ಎಂದರು, ಅದೇ ನಿಂತಿತು. ಪರದೆ, ಸೋಫಾದ ಗವಸು, ಹಾಸಿಗೆಯ ಹೊದಿಕೆ ಹೊಲಿಯುವ ಅಂಗಡಿ ಕೆಳಗೆ, ಮನೆ ಮೇಲೆ. ಅತ್ತೆ ಕತ್ತರಿಸುವವಳು, ಸೊಸೆ ಹೊಲಿಯುವವಳು. "ನಿನ್ನ ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು, ನನ್ನ ಕತ್ತರಿ ತಪ್ಪಿದ್ರೆ ಮುಗೀತು" ಎಂಬ ಮಾತನ್ನು ಸೊಸೆ ಮದುವೆಯಾಗಿ ಬಂದಂದಿನಿಂದ ದಿನಕ್ಕೆರಡು ಸಲವಾದರೂ ಕೇಳುತ್ತಿದ್ದಳು.

ಬಿದ್ದದ್ದು ಹೀಗೆ. ಸೋಫಾದ ಬಟ್ಟೆಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ ಮುಕ್ಕಾಲು ಗಂಟೆ ಕತ್ತರಿ ಆಡಿಸಿ, ಗಜದಮ್ಮ ಸರಕ್ಕನೆ ಎದ್ದಳು. ಎದ್ದದ್ದೇ ತಡ, ಕಣ್ಣಿಗೆ ಕತ್ತಲೆ ಬಂತು, ಅಂಗಡಿ ಒಂದು ಸುತ್ತು ತಿರುಗಿತು, ಕೈಗೆ ಸಿಕ್ಕಿದ್ದು ಬೊಂಬೆ. ಇದು ಹೊಸದೇನಲ್ಲ. ಎರಡು ತಿಂಗಳಿಂದ ಹಾಸಿಗೆಯಿಂದ ಎದ್ದರೂ ಹೀಗೆ, ಕುರ್ಚಿಯಿಂದ ಎದ್ದರೂ ಹೀಗೆ. ಗೋಡೆ ಹಿಡಿದು ಸುಧಾರಿಸಿಕೊಂಡು, ಯಾರಿಗೂ ಹೇಳದೆ ನಡೆದುಬಿಡುತ್ತಿದ್ದಳು. ಈಗ ಗುಟ್ಟು ರಟ್ಟಾಯಿತು.

ಆ ಸಂಜೆ ಊಟದ ಮೇಜಿನಲ್ಲಿ ಸೊಸೆ ತೀರ್ಪು ಕೊಟ್ಟಳು. "ಇವತ್ತಿಗೆ ನೆಲದ ಕೆಲಸ ಮುಗೀತು. ಅತ್ತೆ ಇನ್ನು ಮೇಲೆ ಕುರ್ಚಿ ಮೇಲೆ ಕೂತು ದಿಂಬಿನ ಚೀಲ ಕತ್ತರಿಸ್ಲಿ, ಸಾಕು."

"ದಿಂಬಿನ ಚೀಲವಾ! ಅದನ್ನ ಹಲ್ಲಲ್ಲಿ ಹರಿದ್ರೂ ಆಗುತ್ತೆ."

"ಅಮ್ಮಾ, ಅವಳು ಹೇಳೋದ್ರಲ್ಲೂ..." ಎಂದು ಮಗ ಶುರುಮಾಡಿದ. ಅವನದು ಲಿಫ್ಟ್ ರಿಪೇರಿ ಕೆಲಸ. ಹಗಲೆಲ್ಲ ಮೇಲೂ ಅಲ್ಲ ಕೆಳಗೂ ಅಲ್ಲ ಎಂದು ನಡುವೆ ಸಿಕ್ಕಿಕೊಂಡವರನ್ನು ಬಿಡಿಸುತ್ತಿದ್ದ ಅವನು, ಮನೆಗೆ ಬಂದರೆ ತಾನೇ ನಡುವೆ ಸಿಕ್ಕಿಕೊಳ್ಳುತ್ತಿದ್ದ.

"ನೀನು ಸುಮ್ನೆ ಸೂಪು ಕುಡಿ. ಕುಡಿಯೋಕಾದ್ರೆ!" ಎಂದಳು ಗಜದಮ್ಮ.

ಸೂಪಿನಲ್ಲಿ ಉಪ್ಪಿರಲಿಲ್ಲ. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಯಾವುದರಲ್ಲೂ ಉಪ್ಪಿರಲಿಲ್ಲ. ಅತ್ತೆಯ ಬಿಪಿ ಏರಿದೆ ಎಂದು ಗೊತ್ತಾದ ದಿನವೇ ಸೊಸೆ ಉಪ್ಪಿನ ಡಬ್ಬಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದ್ದಳು. ದಿನಾ ಬೆಳಗ್ಗೆ ಏಳಕ್ಕೆ ಬಿಪಿ ಮೆಷಿನ್ನು ತಂದು, ಅತ್ತೆಯ ತೋಳಿಗೆ ಪಟ್ಟಿ ಸುತ್ತಿ, ಬಂದ ಅಂಕಿಯನ್ನು ಗೆರೆ ಎಳೆದ ಪುಸ್ತಕದಲ್ಲಿ ಬರೆಯುತ್ತಿದ್ದಳು. ನೂರ ಅರವತ್ತೆಂಟು, ನೂರ ಎಪ್ಪತ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಕ್ಯೂನಲ್ಲಿ ಕೂರೋಕೆ ನಂಗೆ ಪುರುಸೊತ್ತಿಲ್ಲ, ಪುಸ್ತಕ ತಗೊಂಡು ನೀನೇ ಹೋಗು" ಎಂದು ಗಜದಮ್ಮ ಕೈ ತೊಳೆದುಕೊಂಡಿದ್ದಳು. ಸೊಸೆ ಪುಸ್ತಕ ತೋರಿಸಿದಳು, ಡಾಕ್ಟರು ಇದ್ದ ಮಾತ್ರೆಯ ಜೊತೆಗೆ ಇನ್ನೊಂದು ಬರೆದುಕೊಟ್ಟರು. ಈಗ ಅಂಕಿ ನೂರ ನಲವತ್ತಾರರ ಆಸುಪಾಸಿಗೆ ಇಳಿದಿತ್ತು. ಸೊಸೆಗೆ ಅದೂ ಸಾಲದು.

"ಮುಂದಿನ ವಾರ ಹೋಗಿ ಮೂರನೇ ಮಾತ್ರೆ ಕೇಳ್ತೀನಿ. ಬಿಪಿ ಏರಿದ್ದಕ್ಕೇ ತಲೆ ತಿರುಗಿರೋದು."

"ಮೂರಲ್ಲ, ಮೂವತ್ತು ಕೇಳು. ಊಟದ ಬದಲು ಅದನ್ನೇ ತಿಂತೀನಿ, ಅದ್ರಲ್ಲಾದ್ರೂ ರುಚಿ ಇರುತ್ತೋ ಏನೋ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಮಾತು ನಿಲ್ಲಿಸದ ಅವಳನ್ನು ಮನೆಯವರು ಗಿಣಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡರ ಹುಡುಗಿ, ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಅವಳ ನಗು ಕಂಡು ಸೊಸೆ ಮುಖ ಊದಿಸಿಕೊಂಡು ತಟ್ಟೆಗಳನ್ನು ಎತ್ತಿಕೊಂಡು ಹೋದಳು.

ಜಗಳ ಹೀಗೇ ಹೊಗೆಯಾಡುತ್ತಿತ್ತೋ ಏನೋ. ಆದರೆ ನಾಲ್ಕನೆಯ ದಿನ ರಂಗಮಂದಿರದ ಮ್ಯಾನೇಜರು ಅಂಗಡಿಗೆ ಬಂದರು. ಒಂಬತ್ತು ವರ್ಷ ಬಾಗಿಲು ಹಾಕಿದ್ದ ರಂಗಮಂದಿರ ಮತ್ತೆ ತೆರೆಯುತ್ತದೆ, ಇನ್ನು ಐದೇ ವಾರ. ಹಳೆಯ ಪರದೆಯನ್ನು ಇಲಿಗಳು ತಿಂದು ಮುಗಿಸಿವೆ. ಹೊಸದು ಬೇಕು. ಕೆಂಪು ಮಖಮಲ್ಲು, ಒಂದೊಂದೂ ಎಂಟು ಗಜ ಉದ್ದದ ಹತ್ತು ಪಟ್ಟಿಗಳು.

"ಹಳೇದನ್ನ ಕತ್ತರಿಸಿದ್ದು ನೀವೇ ಅಂತೆ. ನಮ್ಮ ಸ್ಟೇಜಿನ ದೀಪದವರು ಹೇಳಿದ್ರು, ಗಜದಮ್ಮ ಬಿಟ್ರೆ ಬೇರೆ ಯಾರ ಕೈಗೂ ಆ ಬಟ್ಟೆ ಕೊಡಬೇಡಿ ಅಂತ."

ಗಜದಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಆ ವೇದಿಕೆಯ ಮೇಲೇ ಬಟ್ಟೆ ಹಾಸಿ, ಬರಿಗಾಲಲ್ಲಿ ಮಂಡಿಯೂರಿ ಕತ್ತರಿಸಿದ್ದು ನಿನ್ನೆ ಮೊನ್ನೆಯಂತೆ ಕಣ್ಣಿಗೆ ಕಟ್ಟಿತು. ಮಖಮಲ್ಲಿಗೆ ಬೆಕ್ಕಿನ ಬೆನ್ನಿನ ಹಾಗೆ ಒಂದು ದಿಕ್ಕಿದೆ. ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಹತ್ತು ಪಟ್ಟಿಗಳಲ್ಲಿ ಒಂದೇ ಒಂದು ತಲೆಕೆಳಗಾದರೂ ದೀಪ ಬಿದ್ದ ಕೂಡಲೆ ಆ ಪಟ್ಟಿ ಮಾತ್ರ ಕಪ್ಪಾಗಿ ಕಾಣುತ್ತದೆ, ಸಭೆಯೆಲ್ಲ ಅದನ್ನೇ ನೋಡುತ್ತದೆ.

"ಆಗಲ್ಲ ಸಾರ್," ಎಂದಳು ಸೊಸೆ, ಹೊಲಿಗೆ ಮೆಷಿನ್ನಿನ ಹಿಂದಿನಿಂದ.

"ಆಗುತ್ತೆ ಸಾರ್," ಎಂದಳು ಗಜದಮ್ಮ.

"ಕತ್ತರಿಸೋಕೆ ಪಕ್ಕದ ಬೀದೀಲಿ ಕೋಟು ಹೊಲಿಯೋ ಅಂಗಡಿಯ ಕಟ್ಟರ್ ಇದ್ದಾರೆ. ಅವರನ್ನ ಕರೀತೀವಿ. ಹೊಲಿಗೆ ನಮ್ಮದು."

"ಕೋಟಿನವನಾ? ಅವನು ಅರ್ಧ ಗಜ ಉಳಿಸೋಕೆ ಪಟ್ಟಿಗಳನ್ನ ತಲೆಕೆಳಗು ಹಾಕ್ತಾನೆ! ನಾನು ಬದುಕಿರೋವಾಗ ಆ ವೇದಿಕೆ ಮೇಲೆ ಅವನ ಕತ್ತರಿ ಆಡಬಾರದು."

"ಅತ್ತೆ, ನೀವು ಬದುಕಿರಬೇಕು ಅಂತಲೇ ನಾನು ಹೇಳ್ತಿರೋದು!"

ಮ್ಯಾನೇಜರು ಇಬ್ಬರ ಮುಖವನ್ನೂ ನೋಡಿದರು. ಬಟ್ಟೆ ಬರಲು ಇನ್ನೂ ಮೂರು ವಾರವಿದೆ, ಅಷ್ಟರೊಳಗೆ ನಿಮ್ಮಲ್ಲೇ ತೀರ್ಮಾನ ಮಾಡಿಕೊಳ್ಳಿ ಎಂದು ಹೇಳಿ ಮೆಲ್ಲಗೆ ಜಾರಿಕೊಂಡರು.

ಮರುದಿನ ಗಿಣಿಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆ ಅವಳು ಅಜ್ಜಿಯ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. "ಅಜ್ಜಿ, ನಿಂಗೆ ಪರದೆ ಬೇಕಾ ಬೇಡ್ವಾ?"

"ಇದೇನು ಪ್ರಶ್ನೆ?"

"ಹಾಗಾದ್ರೆ ನೀನೇ ಆಸ್ಪತ್ರೆಗೆ ಬಾ. ಅಲ್ಲಿ ವಯಸ್ಸಾದವರು ಬೀಳದ ಹಾಗೆ ನೋಡ್ಕೊಳ್ಳೋಕೆ ಅಂತಲೇ ಒಬ್ಬರು ನರ್ಸ್ ಇದ್ದಾರೆ. ನನ್ನ ಬಸ್ಸಲ್ಲೇ ದಿನಾ ಬರ್ತಾರೆ. ನಿನ್ನ ವಿಷಯ ಹೇಳಿದ್ದಕ್ಕೆ, ಆ ಮನೆ ಬಿಪಿ ಮೆಷಿನ್ನನ್ನೂ ತನ್ನಿ ಅಂದ್ರು."

ಪರದೆಯ ಆಸೆಗೆ ಗಜದಮ್ಮ ಕ್ಯೂನಲ್ಲಿ ಕೂರಲೂ ಒಪ್ಪಿದಳು. ಸೊಸೆ ನೂಲು ತರಲು ಹೋಗಿದ್ದ ಹೊತ್ತು ನೋಡಿ, ಅಜ್ಜಿ ಮೊಮ್ಮಗಳಿಬ್ಬರೂ ಮೆಷಿನ್ನನ್ನು ಚೀಲಕ್ಕೆ ಹಾಕಿಕೊಂಡು ಕಳ್ಳರ ಹಾಗೆ ಮನೆಯಿಂದ ಹೊರಬಿದ್ದರು.

ನರ್ಸು ಗಟ್ಟಿ ದನಿಯ, ಗಟ್ಟಿ ಕೈಯ ಹೆಂಗಸು. ಗಜದಮ್ಮನನ್ನು ಐದು ನಿಮಿಷ ಅಲ್ಲಾಡದೆ ಮಲಗಿಸಿದಳು, ಒಂದು ಮಾತೂ ಆಡಗೊಡಲಿಲ್ಲ. ಗಿಣಿಯ ಬಾಯಿಗೂ ಬೀಗ. ಆಮೇಲೆ ತನ್ನ ಮೆಷಿನ್ನಿನಲ್ಲಿ ನೋಡಿದಳು. ನೂರ ಇಪ್ಪತ್ತೆರಡು.

"ಈಗ ಎದ್ದು ನಿಲ್ಲಿ. ತಲೆ ತಿರುಗಿದ್ರೆ ಹೇಳಿ, ಹೀರೋ ಆಗೋದು ಬೇಡ."

ಒಂದು ನಿಮಿಷ ನಿಲ್ಲಿಸಿ ಮತ್ತೆ ನೋಡಿದಳು. ತೊಂಬತ್ತನಾಲ್ಕು. ಗಜದಮ್ಮ ಆ ಹೊತ್ತಿಗೆ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಇದೇ ನೋಡಿ ನಿಮ್ಮನ್ನ ಬೀಳಿಸ್ತಿರೋದು," ಎಂದಳು ನರ್ಸು, ಅವಳನ್ನು ಕೂರಿಸುತ್ತಾ. "ನಾವು ಎದ್ದು ನಿಂತ್ರೆ ರಕ್ತ ಕಾಲಿಗೆ ಇಳಿಯುತ್ತೆ. ಮೈ ಅದನ್ನ ಮೇಲಕ್ಕೆ ತಳ್ಳಬೇಕು. ವಯಸ್ಸಾದಂತೆ ಅದು ನಿಧಾನ. ಅದರ ಮೇಲೆ ಮಾತ್ರೆ ಜಾಸ್ತಿಯಾದ್ರೆ ಮುಗೀತು, ತಲೆಗೆ ರಕ್ತ ಸಾಲಲ್ಲ. ನಿಮ್ಮ ಬಿಪಿ ಏರಿಲ್ಲ ಅಜ್ಜಿ, ನಿಂತಾಗ ಬಿದ್ದುಹೋಗ್ತಿದೆ."

"ಆದ್ರೆ ಮನೇಲಿ ದಿನಾ ನೂರ ನಲವತ್ತಾರು ಬರುತ್ತಲ್ಲ?" ಎಂದಳು ಗಿಣಿ.

"ತೆಗೀರಿ ಆ ಮೆಷಿನ್ನು."

ಗಿಣಿ ಚೀಲದಿಂದ ತೆಗೆದಳು. ತೋಳಿಗೆ ಸುತ್ತುವ ಪಟ್ಟಿ ಹೂವಿನ ಬಟ್ಟೆಯದು, ಅಂಚಿಗೆ ನೀಲಿ ಪೈಪಿಂಗ್. ನರ್ಸು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತನ್ನ ಪಟ್ಟಿಯ ಪಕ್ಕಕ್ಕಿಟ್ಟು ಬೆರಳಲ್ಲಿ ಅಳೆದಳು. ಅಗಲದಲ್ಲಿ ಮೂರು ಬೆರಳು ಕಡಿಮೆ.

"ಇದನ್ನ ಯಾವ ಕಂಪನಿ ಮಾಡಿದ್ದು?"

ಗಜದಮ್ಮನಿಗೆ ಎಲ್ಲ ನೆನಪಾಯಿತು. ನಾಲ್ಕೂವರೆ ತಿಂಗಳ ಹಿಂದೆ ಮೆಷಿನ್ನಿನ ಪಟ್ಟಿಯ ಬಟ್ಟೆ ಹರಿದಿತ್ತು, ಅಂಟುಪಟ್ಟಿ ಹಿಡಿಯುತ್ತಿರಲಿಲ್ಲ. ಹೊಲಿಗೆಯ ಮನೆಯಲ್ಲಿ ಹರಿದದ್ದನ್ನು ಯಾರಾದರೂ ಅಂಗಡಿಗೆ ಹೊತ್ತೊಯ್ಯುತ್ತಾರೆಯೇ? ಸೊಸೆ ಒಳಗಿನ ರಬ್ಬರ್ ಚೀಲವನ್ನು ಬಿಡಿಸಿ, ಉಳಿದ ಹೂವಿನ ಬಟ್ಟೆಯಲ್ಲಿ ಹೊಸ ಗವಸು ಹೊಲಿದಳು. ಅತ್ತೆಯ ತೋಳು ಚಿಕ್ಕದು, ಇಷ್ಟಗಲ ಯಾಕೆ ಎಂದು ಅಗಲವನ್ನೂ ಕಡಿಮೆ ಮಾಡಿ, ರಬ್ಬರನ್ನು ಅಂಚಿಗೆ ಮಡಚಿ ಒಳಗೆ ಸೇರಿಸಿದಳು. ಎಂಥ ಅಚ್ಚುಕಟ್ಟು! ಅಂಕಿ ಏರಿದ್ದು ಅದರ ಮರುವಾರದಿಂದ.

"ಪಟ್ಟಿ ಅಗಲ ಕಡಿಮೆಯಾದ್ರೆ ಅಂಕಿ ಸುಳ್ಳು ಹೇಳುತ್ತೆ, ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ," ಎಂದ ನರ್ಸು ಅದನ್ನೇ ಗಜದಮ್ಮನ ತೋಳಿಗೆ ಕಟ್ಟಿ ತೋರಿಸಿದಳು. ಕೂತಲ್ಲೇ ನೂರ ನಲವತ್ತೈದು. ತನ್ನದರಲ್ಲಿ ನೂರ ಇಪ್ಪತ್ತು. "ಇಷ್ಟು ಚೆಂದದ ಸುಳ್ಳನ್ನ ನನ್ನ ಸರ್ವೀಸಲ್ಲೇ ನೋಡಿರಲಿಲ್ಲ ಕಣಮ್ಮ!"

ಡಾಕ್ಟರು ಎಲ್ಲ ಕೇಳಿ ಹಣೆ ಚಚ್ಚಿಕೊಂಡರು. "ನಾನು ಪುಸ್ತಕಕ್ಕೆ ಮಾತ್ರೆ ಕೊಟ್ಟೆ, ಮನುಷ್ಯರಿಗೆ ಕೊಡಲಿಲ್ಲ. ನನ್ನದೂ ತಪ್ಪು. ನಿಮ್ಮದೂ ತಪ್ಪು ಅಜ್ಜಿ, ತೋಳನ್ನ ಮನೇಲಿಟ್ಟು ಪುಸ್ತಕ ಕಳಿಸಿದ್ರಿ." ಎರಡನೆಯ ಮಾತ್ರೆ ನಿಲ್ಲಿಸಿದರು. ಹಳೆಯದನ್ನು ಬಿಡುವ ಹಾಗಿಲ್ಲ ಎಂದರು. ಊಟಕ್ಕೆ ಹಿತಮಿತವಾಗಿ ಉಪ್ಪು, ಸಾಕಷ್ಟು ನೀರು, ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ.

ಬಸ್ಸಿನಲ್ಲಿ ಗಜದಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಪ್ಪತ್ತೈದು ವರ್ಷದ ಜಗಳದಲ್ಲಿ ಇಂಥ ಅಸ್ತ್ರ ಕೈಗೆ ಸಿಕ್ಕಿದ್ದು ಇದೇ ಮೊದಲು! ಮನೆಗೆ ಹೋದ ಕೂಡಲೆ ಯಾವ ಮಾತಿನಿಂದ ಶುರುಮಾಡಬೇಕು, ಎಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕು, ಉಪ್ಪಿನ ಡಬ್ಬಿಯ ವಿಷಯ ಮೊದಲೋ ಕೊನೆಗೋ ಎಂದು ಲೆಕ್ಕ ಹಾಕುತ್ತಾ ಬಂದಳು. ಗಿಣಿ ಪಕ್ಕದಿಂದ ಇನ್ನೂ ಗಾಳಿ ಹಾಕಿದಳು. "ಅಮ್ಮನ ಮುಖ ನೋಡಬೇಕು ಅಜ್ಜಿ!"

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಮೆಷಿನ್ನು ಕಾಣದೆ, ಅತ್ತೆಯೂ ಕಾಣದೆ ಅವಳ ಜೀವ ಬಾಯಿಗೆ ಬಂದಿತ್ತು. "ಎಲ್ಲಿಗೆ ಹೋಗಿದ್ರಿ? ಬಿದ್ರೋ ಏನೋ ಅಂತ ಬೀದಿಯೆಲ್ಲ ಹುಡುಕಿದೆ! ಅಂಕಿ ಇನ್ನೊಂದ್ಸಲ ನೋಡೋಣ ಅಂದ್ರೆ ಮೆಷಿನ್ನೂ ಇಲ್ಲ."

"ಅಂಕಿ ನಾನು ಹೇಳ್ತೀನಿ, ಬರ್ಕೋ," ಎಂದು ಗಜದಮ್ಮ ಕುರ್ಚಿಯಲ್ಲಿ ಕೂತು ಕತೆ ಬಿಚ್ಚಿದಳು. ಹೂವಿನ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ನರ್ಸು ಕೊಟ್ಟಿದ್ದ ಹೊಸ ಪಟ್ಟಿಯನ್ನಿಟ್ಟಳು. ಬಟ್ಟೆಯವರಿಗೆ ಹೆಚ್ಚು ವಿವರಿಸಬೇಕಾಗಿರಲಿಲ್ಲ. ಸೊಸೆ ಎರಡರ ಅಗಲವನ್ನೂ ಕಣ್ಣಲ್ಲೇ ಅಳೆದಳು. ಅವಳ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು.

"ಅಂದ್ರೆ... ನಾನೇ ನಿಮ್ಮನ್ನ ಬೀಳಿಸಿದ್ದು."

ಕೂಡಿಸಿಟ್ಟ ಮಾತುಗಳೆಲ್ಲ ಗಜದಮ್ಮನ ಗಂಟಲಲ್ಲೇ ಉಳಿದವು. ಸೊಸೆ ಅಳುವವಳಲ್ಲ. ಮೆಷಿನ್ನಿನ ಸೂಜಿ ಬೆರಳೊಳಗೆ ಇಳಿದಾಗಲೂ ಹಲ್ಲು ಕಚ್ಚಿ ಚಕ್ರವನ್ನು ತಾನೇ ಹಿಂದಕ್ಕೆ ತಿರುಗಿಸಿಕೊಂಡವಳು. ಈಗ ಅಡುಗೆಮನೆಯ ಕೈ ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಗಜದಮ್ಮನಿಗೆ ತುಂಬ ಪಾಪ ಅನ್ನಿಸಿತು, ಒಳಗೊಳಗೇ ನಾಚಿಕೆಯೂ ಆಯಿತು. ದಿನಾ ಏಳು ಗಂಟೆಗೆ ಸರಿಯಾಗಿ ತನ್ನ ತೋಳು ಹಿಡಿದವಳು ಈ ಮನೆಯಲ್ಲಿ ಇವಳೊಬ್ಬಳೇ.

"ಸಾಕು ಬಿಡೇ. ನೀನೇನು ಬೇಕು ಅಂತ ಮಾಡಿದ್ಯಾ? ಹೊಲಿಗೆ ಮಾತ್ರ ಒಂದು ಎಳೆ ಆಚೆ ಈಚೆ ಇಲ್ಲ. ನರ್ಸು ಯಾವ ಕಂಪನಿ ಅಂತ ಕೇಳಿದ್ಲು ಗೊತ್ತಾ?"

ಅಳುವಿನ ನಡುವೆಯೇ ಸೊಸೆಗೆ ನಗು ಬಂತು. ಎದ್ದು ಹೋಗಿ ಬೀರುವಿನ ಬೀಗ ತೆಗೆದು ಉಪ್ಪಿನ ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ಅಂದಿನ ಆಲೂಗಡ್ಡೆಯನ್ನು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಮಗನಂತೂ ಕಣ್ಣು ಮುಚ್ಚಿಕೊಂಡು ತಿಂದ.

ಆಹಾ, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡ ಗಜದಮ್ಮ ಕೈ ತೊಳೆಯುತ್ತಾ, "ನಾಳೆ ಮ್ಯಾನೇಜರಿಗೆ ಫೋನ್ ಮಾಡ್ತೀನಿ, ಕತ್ತರಿಸೋದು ನಾನೇ ಅಂತ," ಎಂದಳು.

"ಬೇಡ," ಎಂದಳು ಸೊಸೆ.

"ಇನ್ನೂ ಬೇಡವಾ?"

"ಈಗಂತೂ ಬೇಡವೇ ಬೇಡ. ಇಲ್ಲೀವರೆಗೆ ಬಿದ್ರೆ ನಿಮ್ಮ ಹಟಕ್ಕೆ ಬಿದ್ರಿ ಅನ್ಕೋತಿದ್ದೆ. ಇನ್ನು ಬಿದ್ರೆ ನನ್ನ ಕೈಯಾರೆ ಬೀಳಿಸಿದ ಹಾಗೆ. ಆ ವೇದಿಕೆ ಮೇಲೆ ಹಿಡ್ಕೊಳ್ಳೋಕೆ ಒಂದು ಬೊಂಬೆಯೂ ಇಲ್ಲ."

ಜಗಳ ಮತ್ತೆ ಮೊದಲಾಯಿತು, ಆದರೆ ಈ ಸಲ ಉಪ್ಪು ತಿಂದ ಜಗಳ. ಮಗ ಇಬ್ಬರ ನಡುವೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಹೇಳಿ ಮುಗಿಸಿದ. "ಎರಡು ವಾರ ಅಮ್ಮ ಅಭ್ಯಾಸ ಮಾಡ್ಲಿ, ನರ್ಸು ಪರೀಕ್ಷೆ ಮಾಡ್ಲಿ, ಪಾಸಾದ್ರೆ ಕತ್ತರಿ ಅಮ್ಮನದು, ಫೇಲಾದ್ರೆ ಕೋಟಿನವನದು." ಸೊಸೆ ಯೋಚಿಸಿ ಷರತ್ತು ಹಾಕಿದಳು. ನಿಂತಾಗ ಬಿಪಿ ಬೀಳಬಾರದು. ನೆಲದಿಂದ ಯಾರ ಕೈಯನ್ನೂ ಹಿಡಿಯದೆ ಐದು ಸಲ ಏಳಬೇಕು. ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಬೇಕು.

"ಹತ್ತಲ್ಲ, ಇಪ್ಪತ್ತು ನಿಲ್ತೀನಿ!" ಎಂದು ಗಜದಮ್ಮ ಜಂಬ ಕೊಚ್ಚಿದಳು. ಅಂದು ಅವಳು ನಿಂತದ್ದು ಎರಡು.

ಆಮೇಲಿನ ಹದಿನಾಲ್ಕು ದಿನ ಆ ಮನೆ ಮನೆಯಾಗಿ ಉಳಿಯಲಿಲ್ಲ. ಗಿಣಿ ಅಂಗಡಿಯ ಉದ್ದಕ್ಕೂ ನೆಲಕ್ಕೆ ಹಳದಿ ಟೇಪು ಅಂಟಿಸಿದಳು. ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತಾ ಅಜ್ಜಿ ಅದರ ಮೇಲೆ ನಡೆಯಬೇಕು, ಪಕ್ಕದಲ್ಲಿ ಕತ್ತರಿಸುವ ಮೇಜು, ಬೇಕಾದರೆ ಕೈ ಊರಲು. "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!" ಎಂದು ಗಿಣಿ ಬಸ್ಸಿನಲ್ಲಿ ಕೂಗುವಂತೆಯೇ ಕೂಗುತ್ತಿದ್ದಳು. "ಕಾಲು ಸ್ವಲ್ಪ ಅಗಲ ಮಾಡಿ, ಮಂಡಿ ಸಡಿಲ ಬಿಟ್ಟು ನಿಲ್ಲಬೇಕು ಅಜ್ಜಿ. ಡ್ರೈವರ್ ಬ್ರೇಕ್ ಹಾಕಿದಾಗ ನಾನು ನಿಲ್ಲೋದು ಹೀಗೇ. ಎರಡೂ ಕೈಯಲ್ಲೂ ಟಿಕೆಟ್ಟು, ಚಿಲ್ಲರೆ. ಎಲ್ಲಿ ಹಿಡ್ಕೊಳ್ಳಲಿ?"

ಹಲ್ಲುಜ್ಜುವಾಗ ಎಲ್ಲರೂ ಒಂಟಿ ಕಾಲಲ್ಲಿ ನಿಲ್ಲಬೇಕೆಂಬ ಹೊಸ ಕಾನೂನು ಬಂತು. ಮಗ ನಾಲ್ಕನೆಯ ಸೆಕೆಂಡಿಗೆ ಬಕೆಟ್ಟಿನೊಳಗೆ ಕಾಲಿಟ್ಟ. ಸೊಸೆ ಒಲೆಯ ಮುಂದೆ ನಿಂತು ಮೊಟ್ಟೆ ಬೇಯಿಸುತ್ತಾ ಹಿಮ್ಮಡಿ ಎತ್ತಿ ಇಳಿಸುವುದನ್ನು ಗಜದಮ್ಮ ಕದ್ದು ನೋಡಿ, "ನಂಗಲ್ವಾ ಪರೀಕ್ಷೆ ಇರೋದು?" ಎಂದಳು. "ನಂಗೂ ವಯಸ್ಸಾಗಲ್ವಾ?" ಎಂದಳು ಸೊಸೆ.

ಎಲ್ಲಕ್ಕಿಂತ ಕಷ್ಟವಾದದ್ದು ನಿಧಾನ. ಸರಕ್ಕನೆ ಏಳುವುದೇ ಗಜದಮ್ಮನ ಹುಟ್ಟುಗುಣ. ನರ್ಸು ಹೇಳಿಕೊಟ್ಟಿದ್ದು ಬೇರೆ. ಮೊದಲು ಪಾದದ ಬೆರಳುಗಳನ್ನು ಆಡಿಸು, ಒಂದು ಮಂಡಿ ಎತ್ತಿ ಪಾದ ಊರು, ಹಾಗೇ ಇದ್ದು ಐದು ಎಣಿಸು, ಆಮೇಲೆ ಏಳು, ಎದ್ದ ಮೇಲೂ ಹೆಜ್ಜೆ ಕೀಳದೆ ಮತ್ತೆ ಐದು ಎಣಿಸು. ಮೊದಲ ದಿನ ಅವಳು ಐದನ್ನು ಎಷ್ಟು ಬೇಗ ಎಣಿಸಿದಳೆಂದರೆ ಸೊಸೆ ಹೊಲಿಗೆ ಮೆಷಿನ್ನು ನಿಲ್ಲಿಸಿ, "ಅದು ಐದಲ್ಲ, ಒಂದೂವರೆ" ಎಂದು ಗದರಿದಳು. ಆಮೇಲಿಂದ ಎಣಿಸುವ ಕೆಲಸ ಸೊಸೆಯದಾಯಿತು. ಗಜದಮ್ಮ ಎದ್ದಾಗಲೆಲ್ಲ ಮೆಷಿನ್ನಿನ ಸದ್ದು ನಿಂತು, ಒಂದು, ಎರಡು, ಮೂರು ಎಂದು ಕೇಳಿಸುತ್ತಿತ್ತು. ಎಂಟನೆಯ ದಿನ ಕಣ್ಣಿಗೆ ಕತ್ತಲೆ ಬರಲಿಲ್ಲ. ಹತ್ತನೆಯ ದಿನವೂ ಬರಲಿಲ್ಲ. "ಅಂಗಡಿ ಇವತ್ತು ತಿರುಗಲೇ ಇಲ್ಲ ಕಣೇ!" ಎಂದು ಗಜದಮ್ಮ ಕುಣಿಯುವುದೊಂದು ಬಾಕಿ.

ಪರೀಕ್ಷೆಗೆ ಇಡೀ ಮನೆಯೇ ಹೋಯಿತು. ಮಗ ರಜೆ ಹಾಕಿದ್ದ. ಮಲಗಿದಾಗ ನೂರ ಮೂವತ್ತನಾಲ್ಕು. ನಿಂತ ಮೇಲೆ ಒಂದು ನಿಮಿಷಕ್ಕೆ ನೂರ ಇಪ್ಪತ್ತಾರು, ಮೂರು ನಿಮಿಷಕ್ಕೆ ನೂರ ಇಪ್ಪತ್ತೆಂಟು. ಗಿಣಿ ಶಿಳ್ಳೆ ಹಾಕಿದಳು, ನರ್ಸು ಕಣ್ಣು ಬಿಟ್ಟಳು. ನೆಲದಿಂದ ಐದು ಸಲ ಎದ್ದದ್ದೂ ಆಯಿತು. ಉಳಿದದ್ದು ಒಂಟಿ ಕಾಲು.

ನರ್ಸು ಗಡಿಯಾರ ಹಿಡಿದಳು. ಗಜದಮ್ಮ ಬಲಗಾಲು ಎತ್ತಿದಳು. ಐದರವರೆಗೆ ಕಂಬದ ಹಾಗೆ ನಿಂತಳು. ಆರಕ್ಕೆ ಪಾದ ನಡುಗಿತು. ಏಳಕ್ಕೆ ಎತ್ತಿದ ಕಾಲು ನೆಲ ಮುಟ್ಟಿತು. ಇನ್ನೊಂದು ಸಲ ನೋಡಿದಳು. ಮತ್ತೆ ಏಳೇ.

ಗಜದಮ್ಮ ಮಂಚದ ಅಂಚಿನಲ್ಲಿ ಕೂತು ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸಿದಳು. ಷರತ್ತಿಗೆ ಒಪ್ಪಿದ್ದು ತಾನೇ. ಕೆಂಪು ಮಖಮಲ್ಲು, ವೇದಿಕೆ, ಹತ್ತು ಪಟ್ಟಿ ಎಲ್ಲ ಆ ಮೂರು ಸೆಕೆಂಡಿನಲ್ಲಿ ಕೈಜಾರಿ ಹೋದವು.

"ಸಿಸ್ಟರ್, ಒಂದು ಮಾತು," ಎಂದಳು ಸೊಸೆ. "ಇವರಿಗೆ ನೆಲದ ಕೆಲಸ ಮಾಡೋಕೆ ಆಗುತ್ತಾ, ಆಗಲ್ವಾ?"

"ಬೀಳೋದೇ ಇಲ್ಲ ಅಂತ ನಿಮಗೂ ನಾನು ಬರ್ಕೊಡೋಕಾಗಲ್ಲ ಅಮ್ಮ. ಬಿಪಿ ಸರಿಯಾಗಿದೆ. ನಿಧಾನಕ್ಕೆ ಏಳಲಿ, ನಡುನಡುವೆ ನೀರು ಕುಡೀಲಿ, ಯಾರಾದ್ರೂ ಹತ್ತಿರ ಇರಿ. ಅಭ್ಯಾಸ ಬಿಡಬೇಡಿ, ಆ ಮೂರು ಸೆಕೆಂಡೂ ಬರುತ್ತೆ."

ಸೊಸೆ ಅತ್ತೆಯ ಕಡೆ ತಿರುಗಿದಳು. "ಏಳಿ. ಮ್ಯಾನೇಜರಿಗೆ ಫೋನ್ ಮಾಡಬೇಕು."

"ಏಳೇ ಸೆಕೆಂಡು ಕಣೇ ಆಗಿದ್ದು," ಎಂದಳು ಗಜದಮ್ಮ ನಂಬಲಾಗದೆ.

"ಪರದೆ ಕತ್ತರಿಸೋದು ಎರಡು ಕಾಲಲ್ಲಿ ತಾನೆ? ಒಂಟಿ ಕಾಲಲ್ಲಿ ಕತ್ತರಿಸೋ ಆರ್ಡರ್ ಬಂದಾಗ ಕೋಟಿನವನನ್ನ ಕರೆಯೋಣ."

ಮಖಮಲ್ಲು ಬಂದ ದಿನ ಬೆಳಗ್ಗೆ ಒಂಬತ್ತಕ್ಕೆಲ್ಲ ಅವರು ರಂಗಮಂದಿರದಲ್ಲಿದ್ದರು. ವೇದಿಕೆಗೆ ಹೊಸ ಹಲಗೆ ಹಾಕಿದ್ದರು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ದೀಪದವರು ಏಣಿ ಹತ್ತಿ ತಂತಿ ಎಳೆಯುತ್ತಿದ್ದರು, ಕುರ್ಚಿ ಜೋಡಿಸುವವರು ಗಲಾಟೆ ಮಾಡುತ್ತಿದ್ದರು. ಗಜದಮ್ಮ ಬಟ್ಟೆಯ ಉರುಳೆಯನ್ನು ಬಿಚ್ಚಿಸಿ, ಕಣ್ಣು ಮುಚ್ಚಿ ಅಂಗೈ ಆಡಿಸಿ ದಿಕ್ಕು ನೋಡಿ, ತಲೆಯ ಕಡೆಗೆ ಸೀಮೆಸುಣ್ಣದ ಗುರುತು ಹಾಕಿದಳು. ಆಮೇಲೆ ಮಂಡಿಯೂರಿದಳು.

ಕತ್ತರಿ ಮಖಮಲ್ಲಿನೊಳಗೆ ಹೋದಾಗ ಆಗುವ ಸದ್ದು ಅವಳಿಗೆ ಎಷ್ಟು ಇಷ್ಟವೆಂದರೆ, ಮೊದಲ ಪಟ್ಟಿ ಮುಗಿಯುವವರೆಗೆ ಯಾರೊಂದಿಗೂ ಮಾತಾಡಲಿಲ್ಲ. ಪಟ್ಟಿಯ ಕೊನೆ ಮುಟ್ಟಿ, ಬೆರಳು ಆಡಿಸಿ, ಒಂದು ಪಾದ ಊರಿ ಹಾಗೇ ತಡೆದಳು. ಪಕ್ಕದಲ್ಲಿ ಸೊಸೆ ಎಣಿಸಿದಳು. ಎದ್ದಳು. ಮತ್ತೆ ಐದು. ನೀರು ಕುಡಿದಳು. ಮುಂದಿನ ಪಟ್ಟಿ. ಮೂರನೆಯ ಪಟ್ಟಿಯ ಹೊತ್ತಿಗೆ ಏಣಿಯ ಮೇಲಿನ ದೀಪದವರೂ ಜೊತೆಗೆ ಎಣಿಸತೊಡಗಿದ್ದರು. ಐದನೆಯದಕ್ಕೆ ಕುರ್ಚಿ ಜೋಡಿಸುವವರೂ ಸೇರಿಕೊಂಡರು. ಗಜದಮ್ಮ ಎದ್ದಾಗಲೆಲ್ಲ ಖಾಲಿ ಸಭಾಂಗಣದಿಂದ ಹತ್ತು ಹನ್ನೆರಡು ದನಿಗಳು "ನಾಲ್ಕು, ಐದು!" ಎಂದು ಏರುತ್ತಿದ್ದವು. ಅವಳ ಮುಖ ಮಖಮಲ್ಲಿಗಿಂತ ಕೆಂಪಾಗಿತ್ತು, ಖುಷಿಗೆ.

ನಡುವೆ ಬ್ರೆಡ್ಡು ಮೊಟ್ಟೆ ತಿಂದು, ಮಧ್ಯಾಹ್ನ ಮೂರರ ಸುಮಾರಿಗೆ ಹತ್ತನೆಯ ಪಟ್ಟಿಗೆ ಬಂದಳು. ಕತ್ತರಿಸಿ ಮುಗಿಸಿದಳು. ಪಾದ ಊರಿದಳು, ಐದು ಎಣಿಸಿದರು, ಎದ್ದಳು. ಎದ್ದವಳು ಒಂದು ಎಳೆಯಷ್ಟು ವಾಲಿದಳು. ದಣಿವಿರಬೇಕು. ಎಣಿಸುತ್ತಿದ್ದ ದನಿಗಳೆಲ್ಲ ಮೂರಕ್ಕೇ ಥಟ್ಟನೆ ನಿಂತವು. ಸೊಸೆಯ ಎರಡೂ ಕೈ ಮುಂದಕ್ಕೆ ಹೋದವು, ಅತ್ತೆಯ ಸೊಂಟದಿಂದ ಒಂದು ಗೇಣು ದೂರದಲ್ಲಿ ನಿಂತವು. ಅವಳು ಮುಟ್ಟಲಿಲ್ಲ. ತುಟಿ ಕಚ್ಚಿಕೊಂಡು ಕಾದಳು.

ಗಜದಮ್ಮ ಕಾಲು ಸ್ವಲ್ಪ ಅಗಲ ಮಾಡಿದಳು, ಮಂಡಿ ಸಡಿಲ ಬಿಟ್ಟಳು. ವೇದಿಕೆ ತಿರುಗಲಿಲ್ಲ. ಎದುರಿಗೆ ಸಾಲು ಸಾಲು ಖಾಲಿ ಕುರ್ಚಿಗಳು ಇದ್ದಲ್ಲೇ ಇದ್ದವು. ಕಾಲ ಬಳಿ ಹತ್ತು ಪಟ್ಟಿಗಳು ಒಂದೇ ದಿಕ್ಕಿಗೆ ತಲೆ ಮಾಡಿ ಮಲಗಿದ್ದವು.

"ಎಣಿಸೋದು ಯಾಕೆ ನಿಲ್ಲಿಸಿದ್ರಿ?" ಎಂದು ಅವಳು ಏಣಿಯ ಕಡೆ ನೋಡಿ ಗದರಿದಳು. "ಇನ್ನೂ ಎರಡು ಬಾಕಿ ಇದೆ!"

"ನಾಲ್ಕು! ಐದು!" ಎಂದು ಇಡೀ ರಂಗಮಂದಿರ ಕೂಗಿತು. ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ಸೊಸೆ ಮಾತ್ರ ಹೊಡೆಯಲಿಲ್ಲ, ಅವಳ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು.

ಗಜದಮ್ಮ ಕತ್ತರಿಯನ್ನು ಗವಸಿಗೆ ಹಾಕಿ ವೇದಿಕೆಯ ಅಂಚಿಗೆ ಬಂದಳು. ಕೆಳಗಿಳಿಯಲು ಏಳು ಮೆಟ್ಟಿಲು, ಹಿಡಿಯಲು ಕಂಬಿ ಇನ್ನೂ ಹಾಕಿರಲಿಲ್ಲ. ಮೆಟ್ಟಿಲನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಕೈ ಕೊಡು," ಎಂದಳು.

ಇಪ್ಪತ್ತೈದು ವರ್ಷದಲ್ಲಿ ಅತ್ತೆ ಕೈ ಕೇಳಿದ್ದು ಅದೇ ಮೊದಲು. ಸೊಸೆ ಓಡಿ ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಬೆರಳುಗಳು ನಡುಗುತ್ತಿದ್ದವು.

"ನೀನ್ಯಾಕೆ ಇಷ್ಟು ನಡುಗ್ತಿದ್ದೀಯ? ಬೀಳ್ತೀಯ!" ಎಂದಳು ಗಜದಮ್ಮ. "ಅಲ್ಲೇ ನಿಲ್ಲು. ಮೊದಲು ಐದು ಎಣಿಸು."